ಅವ್ವನ ಎಡಗಣ್ಣು

ನಲ್ಲಿಯಲ್ಲಿ ನೀರು ಬಂದಾಗ ಎರಡು ಕೊಡ, ಒಂದು ಬಕೆಟ್ಟು ಹಿಡಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಮನೆಯವರಿಗೆ ಡಬ್ಬಿ ಕಟ್ಟಿ ಕಳಿಸಿದೆ. ಮಿಲ್ಲಿಗೆ ಹೋಗಿ ರಾಗಿ ಬೀಸಿಸಿಕೊಂಡು ಬಂದೆ. ಅವರೆಕಾಯಿ ಸುಲಿದೆ. ಅವ್ವನ ಎಡಗಣ್ಣಿಗೆ ಮುಲಾಮು ಹಾಕಿದೆ. ರೆಪ್ಪೆಗೆ ಅಂಟಿಸುವ ಪ್ಲಾಸ್ಟರ್ ಮುಗಿದಿತ್ತು, ತರುವುದನ್ನು ಮರೆತೆ.

ಮರೆತದ್ದರಿಂದಲೇ ಆ ದಿನ ಇನ್ನೂ ನೆನಪಿದೆ. ತೊಂಬತ್ತರ ದಶಕದ ಕೊನೆಯ ಮಾತು. ಅವ್ವನ ಊರು ತಿ. ನರಸೀಪುರ. ಆಪರೇಷನ್ ಆದಮೇಲೆ ನಂಜನಗೂಡಿನ ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆ. ನಾಲ್ಕು ತಿಂಗಳಾದರೂ ಅವಳ ಮುಖದ ಎಡಭಾಗ ಜೋಲುಬಿದ್ದೇ ಇತ್ತು. ತುಟಿಯ ತುದಿಯಿಂದ ನೀರು ಇಳಿಯುತ್ತಿತ್ತು. ನಿದ್ದೆ ಹತ್ತಿದರೆ ಬಲಗಣ್ಣು ಮುಚ್ಚುತ್ತಿತ್ತು, ಎಡಗಣ್ಣು ತೆರೆದೇ ಇರುತ್ತಿತ್ತು. ಹೀಗೇ ಒಣಗುತ್ತಾ ಹೋದರೆ ಆ ಕಣ್ಣಿನ ದೃಷ್ಟಿ ಹೋಗಬಹುದು ಎಂದಿದ್ದರು ಡಾಕ್ಟರಮ್ಮ.

ಎಲ್ಲಕ್ಕೂ ಮೊದಲು ಕಂಡದ್ದು ಒಂದು ಗಂಟು. ಎಡಗಿವಿಯ ಕೆಳಗೆ, ದವಡೆ ತಿರುಗುವ ಮೂಲೆಯಲ್ಲಿ, ಹುಣಸೆ ಬೀಜದಷ್ಟು. ನೋವಿರಲಿಲ್ಲ.

"ಕೆಪ್ಪಟರಾಯ ಕಣವ್ವ. ಬತ್ತಾನೆ, ನಾಕು ದಿನ ಇದ್ದು ಓಯ್ತಾನೆ," ಅಂದಳು ಅವ್ವ.

ಮಕ್ಕಳಿಗೆ ಕೆನ್ನೆ ಊದುವ ಮಂಗನ ಬಾವಿಗೆ ನಮ್ಮ ಕಡೆ ಕೆಪ್ಪಟರಾಯ ಅನ್ನುತ್ತಿದ್ದರು. ರಾಯನಿಗೆ ಚಿನ್ನ ಎಂದರೆ ಪ್ರೀತಿ, ಕೊರಳಿಗೆ ಸರ ಹಾಕಿದರೆ ಒಲಿದು ಇಳಿದುಬಿಡುತ್ತಾನೆ ಎಂಬ ನಂಬಿಕೆ. ನನಗೆ ಬಂದಾಗ ಅವ್ವ ತನ್ನ ಸರ ಹಾಕಿದ್ದಳು, ಇಳಿದಿತ್ತು. ಈಗ ನಾನು ನನ್ನ ಎರಡೆಳೆ ಸರ ಬಿಚ್ಚಿ ಅವಳಿಗೆ ಹಾಕಿದೆ. ಅರವತ್ತು ದಾಟಿದವಳಿಗೆ, ಒಂದೇ ಕಡೆ, ನೋವಿಲ್ಲದೆ ಬರುವುದು ಎಂಥ ಕೆಪ್ಪಟರಾಯ ಎಂದು ಕೇಳಿಕೊಳ್ಳಲಿಲ್ಲ. ಎರಡು ವರ್ಷ ಹಾಗೇ ಬಿಟ್ಟೆವು. ಬೀಜದಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಂಟನ್ನು ಒತ್ತಿ ನೋಡಿ ಕೇಳಿದರು: "ಅಜ್ಜಿ, ಹುಣಸೆಹಣ್ಣು ಕಂಡ್ರೆ ಬಾಯಲ್ಲಿ ನೀರು ಬರುತ್ತಾ?"

"ಬರ್ದೆ ಏನವ್ವ? ನೀವು ಎಸ್ರು ಯೋಳುದ್ರಲ್ಲ, ಈಗ್ಲೇ ಬಂತು."

ಡಾಕ್ಟರಮ್ಮ ನಕ್ಕರು. ಆ ನೀರು ಊರುವ ದೊಡ್ಡ ಗ್ರಂಥಿ ಕಿವಿಯ ಮುಂದೆ, ದವಡೆಯನ್ನು ಅಪ್ಪಿಕೊಂಡು ಕೂತಿರುತ್ತದೆ, ಗಡ್ಡೆ ಬೆಳೆದಿರುವುದು ಅದರೊಳಗೆ ಎಂದರು. ಆಮೇಲೆ ತಮ್ಮ ಅಂಗೈಯನ್ನು ಕಿವಿಯ ಬುಡಕ್ಕೆ ಇಟ್ಟು, ಐದು ಬೆರಳನ್ನೂ ಕೆನ್ನೆಯ ಮೇಲೆ ಅಗಲಿಸಿ ತೋರಿಸಿದರು. "ಮುಖದ ನರ ಈ ಗ್ರಂಥಿ ಮಧ್ಯದಲ್ಲೇ ಹಾದು ಹೀಗೆ ಕವಲಾಗುತ್ತೆ. ಒಂದು ಹಣೆಗೆ, ಒಂದು ಕಣ್ಣಿಗೆ, ಒಂದು ಕೆನ್ನೆಗೆ, ಒಂದು ತುಟಿಗೆ, ಕೊನೇದು ಕುತ್ತಿಗೆಗೆ. ಗಡ್ಡೆ ಚಿಕ್ಕದಿದ್ದಾಗ ಬಂದಿದ್ರೆ ನರ ಬಿಡಿಸೋದು ಸುಲಭ ಇತ್ತು. ಇಷ್ಟು ದಿನ ಏನ್ ಮಾಡ್ತಿದ್ರಿ?"

ಅವ್ವನ ಕೈ ಕೊರಳಿನ ಸರಕ್ಕೆ ಹೋಯಿತು. 

ಆಪರೇಷನ್ ದಿನ ನರ್ಸಮ್ಮ ಆ ಸರವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಸಂಜೆ ಒಳಗೆ ಹೋಗಿ ನೋಡಿದರೆ ಗದ್ದದ ಕೆಳಗಿನಿಂದ ನೆತ್ತಿಯವರೆಗೆ ಬಿಳಿ ಬಟ್ಟೆ ಸುತ್ತಿದ್ದರು. ನನ್ನ ಕಾಲು ಅಲ್ಲೇ ನಿಂತಿತು. ನಾನು ಚಿಕ್ಕವಳಿದ್ದಾಗ ನರಸೀಪುರದ ಮನೆಯ ಜಗಲಿಯ ಮೇಲೆ ಅಜ್ಜಿಯನ್ನು ಹೀಗೇ ಕಂಡಿದ್ದೆ. ಹೋದವರ ಬಾಯಿ ತೆರೆದಿರಬಾರದು ಎಂದು ಅವ್ವನೇ ತನ್ನ ಹಳೇ ಸೀರೆಯ ಅಂಚು ಹರಿದು ಅಜ್ಜಿಯ ಗದ್ದ ಕಟ್ಟಿದ್ದಳು. ಅಂಗೈಯಿಂದ ರೆಪ್ಪೆ ಸವರಿ ಎರಡೂ ಕಣ್ಣು ಮುಚ್ಚಿದ್ದಳು.

ನರಸೀಪುರದ ಬಸ್ಸಿಳಿದು ಬಂದ ಚಿಕ್ಕಮ್ಮನಿಗೂ ಅದೇ ಕಂಡಿರಬೇಕು. ಬಾಗಿಲಲ್ಲೇ ಎದೆ ಬಡಿದುಕೊಂಡಳು. "ಅಯ್ಯೋ ನಮ್ಮಕ್ಕ ಓಗ್ಬುಟ್ಲಲ್ಲಪ್ಪೋ!"

ಬಟ್ಟೆಯೊಳಗಿನಿಂದ ಸಣ್ಣ ದನಿ ಬಂತು. "ಇನ್ನೂ ಓಗಿಲ್ಲ ಕಣೇ. ಅಳಾದು ಬುಟ್ಟು ಒಂದ್ ಗುಟುಕು ನೀರು ಕೊಡು."

ವಾರ್ಡೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

ಕೆಟ್ಟ ಗಡ್ಡೆಯಲ್ಲ ಎಂದು ಆಮೇಲೆ ತಿಳಿಯಿತು. ನರ ತುಂಡಾಗಿಲ್ಲ, ಬಿಡಿಸುವಾಗ ನಲುಗಿದೆ, ಚೇತರಿಸಿಕೊಳ್ಳಬಹುದು, ಇಲ್ಲದೆಯೂ ಇರಬಹುದು ಎಂದರು. ಬಟ್ಟೆ ಬಿಚ್ಚಿದರು. ಕಟ್ಟು ಹೋದರೂ ಎಡಗಣ್ಣು ಮುಚ್ಚದೇ ಉಳಿಯಿತು. ಅವ್ವ ನಡುಮನೆಯಲ್ಲಿ ನಿದ್ದೆಯಲ್ಲಿದ್ದರೂ, ಒಲೆಯ ಮುಂದೆ ಕೂತ ನನ್ನ ಬೆನ್ನನ್ನು ಅದು ನೋಡುತ್ತಿದೆ ಎನಿಸುತ್ತಿತ್ತು. ಪ್ಲಾಸ್ಟರ್ ಹಾಕುತ್ತಿದ್ದದ್ದು ಡಾಕ್ಟರಮ್ಮ ಹೇಳಿದ್ದಕ್ಕೆ. ನನ್ನ ಹೆದರಿಕೆಗೂ ಹೌದು. ಆ ಸರವನ್ನು ನಾನು ಮತ್ತೆ ಹಾಕಿಕೊಳ್ಳಲಿಲ್ಲ. ಕಾಗದದ ಸಮೇತ ಸಾಸಿವೆ ಡಬ್ಬಿಯ ಹಿಂದೆ ಇಟ್ಟಿದ್ದೆ.

ಒಂದು ದಿನ ಮುಲಾಮು ಹಾಕುವಾಗ ಅವ್ವ ಕೇಳಿದಳು. "ಸರ ಯಾಕವ್ವ ಆಕ್ಕಂಡಿಲ್ಲ?"

"ನಾನೇ ಅಲ್ವೇನವ್ವ ನಿಂಗೆ ಆಕಿದ್ದು."

"ಆಕಿಸ್ಕಂಡೋಳು ನಾನಲ್ವ? ಕೊರ್ಳು ನಂದೇಯ. ಸುಮ್ಕಿರು, ಕಣ್ಣೊಳಕ್ಕೆ ಬೆರ್ಳಾಕೀಯೆ."

ಪ್ಲಾಸ್ಟರ್ ಮರೆತ ದಿನ ಮಧ್ಯಾಹ್ನ ಅವ್ವನಿಗೆ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದೆ. ಅವಳು ತುತ್ತನ್ನು ಬಲದವಡೆಗೆ ತಳ್ಳಿ ನುಂಗುತ್ತಿದ್ದಳು. ಎಡಗೆನ್ನೆಯಲ್ಲಿ ನಿಂತ ಕಾಳನ್ನು ಬೆರಳಿನಿಂದ ತೆಗೆದುಕೊಳ್ಳುತ್ತಿದ್ದಳು. ಊಟವಾದ ಮೇಲೆ ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡೆವು. ಪ್ಲಾಸ್ಟರ್ ಇಲ್ಲ ಎಂಬುದು ನೆನಪಾಗಿ ನಾನು ಗೋಡೆಯ ಕಡೆ ತಿರುಗಿದೆ. ಸ್ವಲ್ಪ ಹೊತ್ತಾಯಿತು. ಬೆನ್ನಿಗೆ ಏನೂ ಅನಿಸಲಿಲ್ಲ. ಅನಿಸದೇ ಇದ್ದದ್ದೇ ಭಯವಾಗಿ ಹೊರಳಿ ನೋಡಿದೆ.

ಅವ್ವನ ಎರಡೂ ಕಣ್ಣು ಮುಚ್ಚಿದ್ದವು.

ಎಷ್ಟು ದಿನ ಇದಕ್ಕೇ ಕಾದಿದ್ದೆನೋ, ಕಂಡಾಗ ಜಗಲಿಯ ಮೇಲಿನ ಅಜ್ಜಿಯೇ ಕಣ್ಣಿಗೆ ಬಂದಳು. ತೆವಳಿ ಹತ್ತಿರ ಹೋಗಿ ಅವ್ವನ ಮೂಗಿನ ಕೆಳಗೆ ಬೆರಳು ಹಿಡಿದೆ. ಬಿಸಿ ಉಸಿರು ತಾಗಿತು. ಬಗ್ಗಿ ನೋಡಿದರೆ ಎಡರೆಪ್ಪೆ ಪೂರ್ತಿ ಕೂಡಿರಲಿಲ್ಲ, ನೂಲೆಳೆಯಷ್ಟು ಬಿಳಿ ಉಳಿದಿತ್ತು. ಅಷ್ಟಾದರೂ ಇಳಿದಿತ್ತು.

ಒಲೆಯ ಮೇಲೆ ಸಾರು ಹಾಗೇ ಉಳಿದಿತ್ತು. ತಟ್ಟೆಯಲ್ಲಿ ಇನ್ನೊಂದು ಅರ್ಧ ಮುದ್ದೆ ಹಾಕಿಕೊಂಡು, ಅವ್ವನ ಪಕ್ಕದಲ್ಲೇ ಕೂತು ತಿಂದೆ. ಅವ್ವ ನಿದ್ದೆಯಲ್ಲೇ ಇದ್ದಳು, ಆ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಅದು ನನಗೆ ಖಚಿತವಾಗಿ ತಿಳಿದದ್ದು ಆವತ್ತೇ.