ಕಿಟ್ಲಿ ಕಿತ್ತುಕೊಂಡ ಮಳೆಗಾಲ

ಇದನ್ನು ಬರೆಯಬೇಕೆಂದು ಕೂತು, ಏನೋ ನೆಪ ಹೇಳಿಕೊಂಡು ಎದ್ದದ್ದು ಎಷ್ಟು ಸಲವೋ. ಈಗ ವಯಸ್ಸಾಗಿದೆ, ಇನ್ನು ಮುಂದೂಡಲಾರೆ.

ತೊಂಬತ್ತರ ದಶಕದಲ್ಲಿ, ಠಾಣೆ ಪಟ್ಟಣದ ಕೋಪರಿ ಬಡಾವಣೆಯಲ್ಲಿದ್ದ ನಮ್ಮಣ್ಣನ ಹೋಟೆಲಿನಿಂದ ನಾನು ಹೇಳಹೊರಟವರು ಸುತ್ತಲಿನ ಆಫೀಸುಗಳಿಗೆ ಚಹಾ ಹೊತ್ತು ತಿರುಗುತ್ತಿದ್ದರು. ಒಂದು ಕೈಯಲ್ಲಿ ಚಹಾದ ಕಿಟ್ಲಿ, ಇನ್ನೊಂದರಲ್ಲಿ ಗ್ಲಾಸುಗಳ ತಂತಿಬುಟ್ಟಿ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು. ನೀರು ನಿಂತ ಗಲ್ಲಿಯಲ್ಲೂ ಒಂದು ಹನಿ ಚೆಲ್ಲದ ನಡಿಗೆ. ಕೆಲಸದವರನ್ನು ನಾವು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಅವರು ‘ಗುಲ್ಬರ್ಗಾ’.

ನಾನು ಗಲ್ಲೆಯ ಮೇಲೆ, ಗಿರಾಕಿಗಳಿಂದ ಹಣ ತೆಗೆದುಕೊಳ್ಳುವ ಜಾಗದಲ್ಲಿ. ಗಲ್ಲೆ ಬಿಟ್ಟು ಏಳಬಾರದೆಂಬುದು ನಮ್ಮವರ ಕಟ್ಟುಪಾಡು. ಊಟವೂ ಅಲ್ಲಿಗೇ ಬರುತ್ತಿತ್ತು. ಸಪ್ಲಾಯರ್ ಆಗಿ ಓಡಾಡಿ ಮೇಲೆ ಬಂದ ನನಗೆ ಕೂತಿರುವುದೇ ದೊಡ್ಡಸ್ತಿಕೆ. “ಸೇಟ್ರ, ನಿಮ್ಮ ಕುರ್ಚಿಗಿ ಬೇರ ಒಡದಾವ ನೋಡ್ರಿ,” ಎಂದು ಅವರು ಚುಡಾಯಿಸುತ್ತಿದ್ದರು.

ಮಳೆಗಾಲದಲ್ಲಿ ನೆಗಡಿ-ಜ್ವರ ಹೋಟೆಲಿಗೆಲ್ಲ ಹಬ್ಬುತ್ತಿತ್ತು. ಅವರಿಗೂ ಬರುತ್ತಿತ್ತು, ಜ್ವರ ಬಿಡುವ ತನಕ ಹೊದ್ದು ಮಲಗಿ, ಬಿಟ್ಟೊಡನೆ ಎದ್ದು ಹೊರಡುತ್ತಿದ್ದರು. ನನಗೆ ಮಾತ್ರ ಮೈಕೈ ನೋವು, ಕೆಮ್ಮು ವಾರಗಟ್ಟಲೆ. ಒಂದು ವರ್ಷ ನನಗೆ ರೇಗಿಹೋಯಿತು. ಊರೆಲ್ಲ ಸುತ್ತಿ ರೋಗ ತಂದು ನಮಗೆ ಹಂಚುವವನು ನೀನೇ ಎಂದು ಗಿರಾಕಿಗಳ ಎದುರಿಗೇ ಕೂಗಾಡಿ, ಕಿಟ್ಲಿ ಕಿತ್ತುಕೊಂಡು ಬೇರೊಬ್ಬನಿಗೆ ಕೊಟ್ಟೆ. ಅವರನ್ನು ಹಿಂದಿನ ಕೋಣೆಯಲ್ಲಿ ಈರುಳ್ಳಿ ಹೆಚ್ಚಲು ಕೂರಿಸಿದೆ. ಅವರು ತಲೆ ತಗ್ಗಿಸದೆ ಈಳಿಗೆಮಣೆ ಎಳೆದುಕೊಂಡು ಕೂತರು.

ಮುಂದಿನ ಮಳೆಗಾಲ ನಾನು ಮತ್ತೆ ಮಲಗಿದೆ. ವರ್ಷವಿಡೀ ಕೂತಿದ್ದ ಅವರೂ ಈ ಸಲ ಕೆಮ್ಮಿ ಕೆಮ್ಮಿ ಬಾಗಿದರು. ನಮ್ಮಿಬ್ಬರನ್ನೂ ನೋಡಿದ ಡಾಕ್ಟರು, “ಸೋಂಕು ಯಾರಿಂದಲಾದರೂ ಬಂದೀತು, ಆದರೆ ದಿನವಿಡೀ ಕೂತೇ ಇರುವವರನ್ನು ಅದು ಹೆಚ್ಚು ಕಾಡುವುದನ್ನು ನಾನು ಕಂಡಿದ್ದೇನೆ, ಗುಣವಾದ ಮೇಲೆ ಎದ್ದು ಓಡಾಡಿ,” ಎಂದರು. ಪಕ್ಕದಲ್ಲಿ ಕೆಮ್ಮುತ್ತಿದ್ದ ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಚೇತರಿಸಿಕೊಂಡವರು ಗಲ್ಲೆಯ ಮುಂದೆ ನೆಟ್ಟಗೆ ನಿಂತರು. “ನನ್ನ ಕಿಟ್ಲಿ ನನಗ ಕೊಡ್ರಿ. ಇಲ್ಲಾಂದ್ರ ರಬಾಳೆಗಿ ಹೋಗ್ತೀನಿ, ಅಲ್ಲಿ ಕಂಪನ್ಯಾಗ ಹೊರೋ ಕೆಲಸ ಅದ.”

ಕಿಟ್ಲಿ ಕೊಟ್ಟೆ. ತಪ್ಪಾಯಿತು ಎನ್ನಲಿಲ್ಲ.

ಅಲ್ಲಿಂದ ಮುಂದೆ, ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅವರೇ ಬಂದು, “ಏಳ್ರಿ ಸೇಟ್ರ, ಒಂದ್ ಸುತ್ತ ಹಾಕೂಣು,” ಎನ್ನುತ್ತಿದ್ದರು. ಅಣ್ಣ ಬೈದರೂ ನಾನು ಗಲ್ಲೆ ಬಿಟ್ಟು ಏಳತೊಡಗಿದೆ. ಗ್ಲಾಸಿನ ಬುಟ್ಟಿ ನನ್ನ ಕೈಗೆ ಬಂತು. ಮೂರನೇ ಮಹಡಿ ಹತ್ತಿದರೆ ಆಫೀಸಿನವರು “ಆವೊ ಗುಲ್ಬರ್ಗಾ” ಎಂದು ಅವರಿಗೆ ಕುರ್ಚಿ ಎಳೆಯುತ್ತಿದ್ದರು. ಅವರು ಅದರಲ್ಲಿ ಏದುಸಿರು ಬಿಡುತ್ತಿದ್ದ ನನ್ನನ್ನು ಕೂರಿಸಿ, ಇವರು ನಮ್ಮ ಸೇಟು ಎಂದು ಪರಿಚಯಿಸುತ್ತಿದ್ದರು. ದನಿಯಲ್ಲಿ ಹಳೆಯ ಕಹಿಯ ಸುಳಿವೇ ಇರಲಿಲ್ಲ. ಕೋಪರಿಯಲ್ಲಿ ಅವರ ಜೊತೆಯವನೆನಿಸಿಕೊಂಡು ನಡೆದದ್ದರ ಹೆಮ್ಮೆ, ಗಲ್ಲೆಯ ಮೇಲೆ ಕೂತ ಅಷ್ಟೂ ವರ್ಷಗಳಲ್ಲಿ ನನಗೆ ಸಿಕ್ಕಿರಲಿಲ್ಲ. ಮಳೆಗಾಲಗಳು ಬಂದವು, ನೆಗಡಿಯೂ ಬಂತು. ಮೊದಲಿನಂತೆ ನನ್ನನ್ನು ಮಲಗಿಸಲಿಲ್ಲ.

ಕೆಲಸ ಬಿಟ್ಟು ಅವರು ಊರಿಗೆ ಹೊರಟ ದಿನ ಕಲ್ಯಾಣ ಸ್ಟೇಷನ್ನಿನವರೆಗೆ ಹೋಗಿ ರೈಲು ಹತ್ತಿಸಿದೆ. ಕಿಟಕಿಯ ಬಳಿ ನಿಂತು, ಹೇಳಬೇಕಾದದ್ದನ್ನು ಬಿಟ್ಟು ನೀರು, ಚಪ್ಪಲಿ, ಬ್ಯಾಗಿನ ಬೀಗ ಎಂದು ಏನೇನೋ ಹೇಳಿದೆ. ಅವರು ನಕ್ಕು, “ನಿಮ್ಮ ಕೆಮ್ಮ ಹೋತಲ್ರಿ, ಸಾಕ್ ಬಿಡ್ರಿ,” ಎಂದರು. ರೈಲು ಹೊರಟಿತು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ನಾಲ್ಕು ಜನರ ಎದುರು ಅವಮಾನಿಸಿದವನು ನಾಲ್ಕು ಜನರ ಎದುರೇ ಕ್ಷಮೆ ಕೇಳಬೇಕು, ಅದನ್ನೇ ಇಲ್ಲಿ ಕೇಳುತ್ತಿದ್ದೇನೆ. ಅದಕ್ಕೆ ಊರಿನ ಹೆಸರು ಸಾಲದು. ಅವರ ಹೆಸರು ಶರಣಪ್ಪ.