ಖಾನಾಪುರಕ್ಕೆ ಹೊರಟ ಲಾರಿ ಹಾರ್ನು

ಬೆಳಗಾವಿಯಿಂದ ಖಾನಾಪುರ ಇಪ್ಪತ್ತಾರು ಕಿಲೋಮೀಟರು. ಇಷ್ಟೇ ದೂರದ ಪ್ರವಾಸವನ್ನೂ ಬರೆಯುತ್ತಾರೆಯೇ ಎಂದು ನನ್ನ ಹೆಂಡತಿ ನಕ್ಕಳು. ಕಾಶಿಗೂ ಕನ್ಯಾಕುಮಾರಿಗೂ ಹೋಗಿ ಬಂದವರು ಬರೆದದ್ದನ್ನು ನಾನು ಓದಿದ್ದೇನೆ. ಅವರಲ್ಲಿ ಯಾರೂ ಲಾರಿಯ ಬ್ಯಾಟರಿಯನ್ನು ಕಾಲುಗಳ ನಡುವೆ ಹಿಡಿದುಕೊಂಡು, ಅದರ ಆಸಿಡ್ಡು ಹೊಸ ಪ್ಯಾಂಟಿಗೆ ಸಿಡಿಯದಿರಲೆಂದು ಮೊಣಕಾಲು ಅಗಲಿಸಿ ಕುಳಿತು ಹೋದವರಲ್ಲ. ನಾನು ಹೋಗಿದ್ದೇನೆ. ಆದ್ದರಿಂದ ಬರೆಯುತ್ತೇನೆ.

ಎಂಬತ್ತರ ದಶಕದ ಮೊದಮೊದಲಿನ ಮಾತು. ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿದೆವು. ನನ್ನ ಜೊತೆ ಇಬ್ಬರು ವಿದ್ಯಾರ್ಥಿಗಳು. ಹಿಂದವಾಡಿಯ ಸುಮಂಗಲಾಳದು ಮಾತು ಕಡಿಮೆ, ಹಟ ಜಾಸ್ತಿ. ಮೆಹಬೂಬನ ತಂದೆಗೆ ಆಟೋ ನಗರದಲ್ಲಿ ಗ್ಯಾರೇಜು. ಹುಡುಗನಿಗೆ ಮಾತೂ ಜಾಸ್ತಿ, ಹಟವೂ ಜಾಸ್ತಿ. ಇಬ್ಬರೂ ಸೇರಿ ಮಳೆ ಬಂದರೆ ತಾನಾಗಿ ಕೂಗುವ ಒಂದು ಯಂತ್ರ ಮಾಡಿದ್ದರು. ಅಂಗೈ ಅಗಲದ ಹಲಗೆಯ ಮೇಲೆ ತಾಮ್ರದ ತಂತಿಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿ ಕೂಡಿಸಿದ್ದರು. ಒಂದು ಹನಿ ನೀರು ಬಿದ್ದರೆ ಸಾಕು, ತಂತಿಯಿಂದ ತಂತಿಗೆ ಚೂರು ವಿದ್ಯುತ್ತು ಹಾಯ್ದು, ಬ್ಯಾಟರಿಯ ಸ್ವಿಚ್ಚು ತಾನಾಗಿ ಬಿದ್ದು ಹಾರ್ನು ಹೊಡೆಯುತ್ತಿತ್ತು. ಆ ಹಾರ್ನು ಲಾರಿಯದು.

"ಒಂದು ಸಣ್ಣ ಗಂಟಿ ಸಾಕಾಗತಿರಲಿಲ್ಲೇನೋ?" ಎಂದು ಮೆಹಬೂಬನನ್ನು ಕೇಳಿದ್ದೆ.

"ಗಂಟಿ ಆದ್ರ ಹಿತ್ತಲದಾಗ ಕುಂತವರಿಗೆ ಕೇಳಾಂಗಿಲ್ರಿ ಸರ. ಇದು ಆದ್ರ ಸತ್ತಾವನೂ ಎದ್ದು ಕುಂದರ್ತಾನ," ಎಂದಿದ್ದ.

ಹಿತ್ತಲಲ್ಲಿ ಕುಳಿತವನು ಖಾನಾಪುರದ ಗಣಪತಿ ಕುಂಬಾರ. ಹಿಂದಿನ ವರ್ಷ ನಮ್ಮ ಕ್ಲಾಸನ್ನು ಅಲ್ಲಿಯ ಹಂಚಿನ ಕಾರ್ಖಾನೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಅಡ್ಡಮಳೆ ಹೊಡೆಯಿತು. ನಾವು ಓಡಿ ಹೋಗಿ ನಿಂತ ಮನೆಯ ಅಂಗಳದಲ್ಲಿ ಒಣಗಲು ಇಟ್ಟ ಹಸಿ ಗಡಿಗೆಗಳೆಲ್ಲ ಕುಸಿದು ಕೆಸರಾಗಿದ್ದವು. ಗಣಪತಿ ಹಿತ್ತಲ ಹುಲ್ಲಿನ ಮಾಡಿನ ಕೆಳಗೆ ತಿಗರಿ ತಿರುಗಿಸುತ್ತ, ಹೆಂಡತಿ ರುಕ್ಮಾಬಾಯಿ ಅಲ್ಲೇ ಮಣ್ಣು ತುಳಿಯುತ್ತ ಇದ್ದರು. ಮೊದಲ ಹನಿ ಬಿದ್ದದ್ದು ಇಬ್ಬರಿಗೂ ತಿಳಿದಿರಲಿಲ್ಲ. ಆಮೇಲೆ ಆಕೆ ಆ ಕೆಸರನ್ನು ಬುಟ್ಟಿಗೆ ತುಂಬುತ್ತಿದ್ದಳು. "ಇನ್ನೊಂದು ಬ್ಯಾಸಗಿ ನೋಡ್ತೇನ್ರಿ. ಮತ್ತ ಹಿಂಗಾದ್ರ ತಿಗರಿ ಮಾರಿ ಕಾರ್ಖಾನಿಗೆ ಮಣ್ಣ ಹೊರಾಕ ಹೋಗ್ತೇನಿ," ಎಂದ ಗಣಪತಿ. ಉಳಿದವರು ಹಂಚು ಮಾಡುವ ಕ್ರಮ ಬರೆದುಕೊಂಡು ಬಂದರು, ಸುಮಂಗಲಾ ಈ ಮಾತನ್ನು ಹೊತ್ತುಕೊಂಡು ಬಂದಳು.

ನನಗೆ ಬೇರೆ ಲೆಕ್ಕಾಚಾರವಿತ್ತು. ಸೋಮವಾರ ಬೆಳಗಾವಿಯಲ್ಲಿ ಕಾಲೇಜುಗಳ ವಿಜ್ಞಾನ ಪ್ರದರ್ಶನ. ಯಂತ್ರವನ್ನು ಖಾನಾಪುರದಲ್ಲಿ ಒಂದು ದಿನ ಓಡಿಸಿ, ಫೋಟೋ ತೆಗೆಸಿ, ಊರವರೆದುರು "ಮಾನವಕುಲದ ಒಳಿತಿಗೆ ತಂತ್ರಜ್ಞಾನ: ವಿದ್ಯಾರ್ಥಿಗಳ ಹೊಣೆ" ಎಂಬ ಭಾಷಣ ಮಾಡಿ, ಸಾಯಂಕಾಲದ ರೈಲಿಗೆ ವಾಪಸು ತಂದರೆ ಬಹುಮಾನ ನಮ್ಮದೇ. ಭಾಷಣ ಎಂಟು ಹಾಳೆಯಾಗಿತ್ತು. ನನಗಂತೂ ಅದರಲ್ಲಿ ಒಂದು ಸಾಲೂ ಹೆಚ್ಚೆನಿಸಿರಲಿಲ್ಲ.

ದೇಸೂರು ದಾಟಿದ ಮೇಲೆ ಎದುರು ಸೀಟಿನವರು ಭಕ್ರಿ, ಶೇಂಗಾ ಚಟ್ನಿ ಬಿಚ್ಚಿದರು; ನಮಗೂ ಕೊಟ್ಟರು. ತಿಂದು ಮುಗಿಸಿ ಒಬ್ಬರು ಕಿಟಕಿಯಾಚೆ ಕೈ ತೊಳೆದರು. ಗಾಳಿಗೆ ನಾಲ್ಕು ಹನಿ ಒಳಗೆ ಬಂದು ಹಲಗೆಯ ಮೇಲೆ ಬಿದ್ದವು. ತಂತಿ ಬಿಚ್ಚಿಡಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ರೈಲಿನ ಡಬ್ಬಿಯೊಳಗೆ ಲಾರಿ ಹಾರ್ನು ಹೊಡೆದರೆ ಏನಾಗುತ್ತದೆಂದು ಓದುವವರಿಗೆ ಗೊತ್ತಿರಲಾರದು, ಅದಕ್ಕೆ ಹೇಳುತ್ತೇನೆ. ನಡುದಾರಿಯಲ್ಲಿ ನಿಂತಿದ್ದವರೆಲ್ಲ ಒಮ್ಮೆಲೇ ಬಾಜು ಸರಿದು ದಾರಿ ಬಿಟ್ಟರು. ಮೇಲಿನ ಹಲಗೆಯಲ್ಲಿ ಮಲಗಿದ್ದವರು ಎದ್ದು ತಲೆ ಬಡಿಸಿಕೊಂಡರು. "ರೈಲಿನ್ಯಾಗ ಲಾರಿ ಹ್ಯಾಂಗ ಬಂತ್ರೀ?" ಎಂದು ಮುದುಕಿಯೊಬ್ಬಳು ನನ್ನನ್ನೇ ಕೇಳಿದಳು. ಮೆಹಬೂಬ ಮಾತ್ರ ಹಲಗೆಯನ್ನು ಒರೆಸುತ್ತ, "ಕೆಲಸ ಚಲೋ ಮಾಡಾಕತ್ತೈತ್ರಿ ಸರ," ಎಂದು ಹಿಗ್ಗಿದ.

ಗಣಪತಿಯ ಮನೆ ಸ್ಟೇಷನ್ನಿಗೆ ಹತ್ತಿರವೇ. ಆದರೂ ಬ್ಯಾಟರಿ ಹೊತ್ತು ನಡೆದದ್ದರಿಂದ ನನಗೆ ಅದು ಗೋವಾದ ದಾರಿಯಷ್ಟೇ ಉದ್ದವೆನಿಸಿತು. ಬಿಸಿಲು ಚುರುಗುಟ್ಟುತ್ತಿತ್ತು. ಅಂಗಳದ ತುಂಬ ಹಸಿ ಗಡಿಗೆ, ನೀರು ತಂಪಿಡುವ ರಂಜಣಗಿ, ಮುಚ್ಚಳ ಕೂತಿದ್ದವು, ಕಾಲಿಡಲು ಜಾಗವಿರಲಿಲ್ಲ. ಮುಂದಿನ ವಾರ ಇವನ್ನು ಸುಡಲು ಆವಿಗೆ ಹಚ್ಚುವುದಿತ್ತು. ಆ ಬೇಸಿಗೆಯ ದುಡಿಮೆ ಎಲ್ಲ ಅಂಗಳದಲ್ಲೇ ಇತ್ತು. ಹಲಗೆಯನ್ನು ಬಾಗಿಲ ಬಳಿಯ ಕಲ್ಲಿನ ಪಕ್ಕ, ಫೋಟೋದಲ್ಲಿ ನಾನೂ ಅದೂ ಕೂಡಿ ಬೀಳುವಂತೆ ಇಡಿಸಿದೆ. ಹಾರ್ನನ್ನು ಹಿತ್ತಲ ಗೋಡೆಗೆ ಕಟ್ಟಿದರು.

ಸುದ್ದಿ ಹಬ್ಬಿ ಓಣಿಯವರು ನೋಡಲು ಬಂದರು. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡಬೇಕು. ರುಕ್ಮಾಬಾಯಿ ಮೊದಲಿನವರಿಗೆ ತಂಬಿಗೆ ಕೊಟ್ಟಳು. ಅವರು ಬಾಗಿಲ ಬಳಿಯ ಕಲ್ಲಿನ ಮೇಲೆ ನಿಂತು ಕಾಲು ತೊಳೆದರು. ಹಾರ್ನು ಹೊಡೆಯಿತು. ರುಕ್ಮಾಬಾಯಿ ತಂಬಿಗೆ ಬಿಟ್ಟು ಓಡಿ ಎರಡು ಗಡಿಗೆ ಎತ್ತಿ ಒಳಗಿಟ್ಟಳು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಯಾರೂ ಕಾಲು ತೊಳೆಯುವುದಿಲ್ಲ; ನೀರು ಎಂದರೆ ಮಳೆ ಎಂದೇ ನಾವು ತಿಳಿದಿದ್ದೆವು.

ನಾನು ಭಾಷಣಕ್ಕೆ ನಿಂತೆ. "ಇಂದಿನ ವಿದ್ಯಾರ್ಥಿಯು ತನ್ನ ಜ್ಞಾನವನ್ನು" ಎನ್ನುವಷ್ಟರಲ್ಲಿ ಇನ್ನಿಬ್ಬರು ಬಂದು ಕಾಲು ತೊಳೆದರು. ಹಾರ್ನು. ರುಕ್ಮಾಬಾಯಿ ಓಡಿದಳು. "ಮಾನವಕುಲದ" ಎಂಬಲ್ಲಿ ನಿವೃತ್ತ ಹೆಡ್‌ಮಾಸ್ತರರು ಬಂದರು. ಅವರು ಶಿಸ್ತಿನವರು. ಹಿಮ್ಮಡಿ, ಬೆರಳಸಂದಿ ಎಲ್ಲ ತಿಕ್ಕಿ ತೊಳೆದರು. ಅಷ್ಟು ಹೊತ್ತೂ ಹಾರ್ನು ಹೊಡೆಯಿತು. ಹಲಗೆ ಒರೆಸಿ ಒರೆಸಿ ಮೆಹಬೂಬನ ಕರವಸ್ತ್ರ ಒದ್ದೆಯಾಗಿತ್ತು. ಜನ ನಗುತ್ತಿದ್ದರು, ರುಕ್ಮಾಬಾಯಿ ಮಾತ್ರ ಪ್ರತಿ ಸಲವೂ ಓಡುತ್ತಿದ್ದಳು.

ನನಗೆ ಸಿಟ್ಟು ಬಂತು. "ಬಂದವರಿಗೆ ನೀರು ಕೊಡೂದು ಇವತ್ತೊಂದಿನ ಬಿಡ್ರಲಾ," ಎಂದೆ.

ಆಕೆ ನನ್ನನ್ನು ನೋಡಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಕಾಲಿಗೆ ನೀರ ಕೊಡದ ಮನಿ ಅಂತ ನಮಗ ಹೆಸರ ಬರಬೇಕೇನ್ರಿ ಸರ? ಗಡಗಿ ಹ್ವಾದ್ರ ಮತ್ತ ಮಾಡಬಹುದು."

ಸುಮಂಗಲಾ ತಲೆ ಎತ್ತಿ ಮನೆಯ ಹಂಚುಗಳನ್ನು ನೋಡುತ್ತ ನಿಂತಿದ್ದಳು.

ಊಟಕ್ಕೆ ಅಕ್ಕಿ ಭಕ್ರಿ, ಝುಣಕ, ಹಸಿ ಉಳ್ಳಾಗಡ್ಡಿ. ಅದು ಮುಗಿದ ಮೇಲೆ ನಾನು ಪಟ್ಟು ಬಿಡದೆ ಮತ್ತೆ ಆರನೆಯ ಹಾಳೆಯಿಂದ ಶುರು ಮಾಡಿದೆ. ಹಾರ್ನು ಹೊಡೆಯಿತು. "ಯಾರ್ರೀ ಕಾಲ ತೊಳದವ್ರು?" ಎಂದು ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಲ್ಲಿ ಆಗತಾನೇ ಬಂದಿದ್ದ ಒಬ್ಬರು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ನಾ ಅಲ್ರೆಪಾ," ಎಂದು ಒಣಗಿದ ಕಾಲು ತೋರಿಸಿದರು. ಹೆಡ್‌ಮಾಸ್ತರರು ತಾವೂ ಅಲ್ಲವೆಂದರು. ಈ ವಿಚಾರಣೆ ನಡೆದಿರುವಾಗ ನನ್ನ ಹಾಳೆಯ ಮೇಲೆ ದಪ್ಪ ಹನಿ ಬಿತ್ತು. ಪಶ್ಚಿಮದ ಕಡೆಯಿಂದ ಮೋಡ ಮನೆಯ ಮೇಲೇ ಬಂದು ನಿಂತಿತ್ತು. ರುಕ್ಮಾಬಾಯಿ ಅಷ್ಟರಲ್ಲಿ ನಾಲ್ಕು ಗಡಿಗೆ ಒಳಗಿಟ್ಟು ಐದನೆಯದಕ್ಕೆ ಬಂದಿದ್ದಳು.

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ನೋಡಲು ಬಂದ ಓಣಿ ಪೂರಾ ಅಂಗಳಕ್ಕೆ ಇಳಿಯಿತು. ಹೆಡ್‌ಮಾಸ್ತರರು ಧೋತರ ಎತ್ತಿ ಕಟ್ಟಿ ಮುಚ್ಚಳಗಳನ್ನು ಹೊತ್ತರು. ನಾನು ಹಾಳೆಗಳನ್ನು ಜೇಬಿಗೆ ತುರುಕಿ ಒಂದು ರಂಜಣಗಿ ಎತ್ತಿದೆ.

"ಕಂಠ ಹಿಡೀಬ್ಯಾಡ್ರಿ ಸರ, ಬುಡಕ್ಕ ಕೈ ಹಾಕ್ರಿ," ಎಂದು ಗಣಪತಿ ಕೂಗಿದ. ತಡವಾಗಿತ್ತು. ಮಳೆಗೆ ಅಂದು ಒಂದು ಗಡಿಗೆಯೂ ಹೋಗಲಿಲ್ಲ. ಒಂದು ರಂಜಣಗಿ ನನ್ನ ಹೆಬ್ಬೆರಳಿಗೆ ಹೋಯಿತು.

ಮಳೆ ನಿಂತ ಮೇಲೆ ಚಹಾ ಕುಡಿಯುತ್ತ ಸುಮಂಗಲಾ ಕೇಳಿದಳು: "ಸುಳ್ಳ ಅಂತ ಗೊತ್ತಿದ್ರೂ ಯಾಕ ಓಡ್ತಿದ್ರಿ, ಮಾವಶಿ?"

"ಸುಳ್ಳ ಆದ್ರ ನಂದೊಂದು ಓಡಾಟ ದಂಡ. ಖರೇ ಇದ್ದಾಗ ಓಡದಿದ್ರ ಎಲ್ಲಾ ಮಣ್ಣಪಾಲು. ಹ್ವಾದ ವರ್ಷ ನಮಗ ಸುಳ್ಳ ಹೇಳಾಕೂ ಯಾರೂ ಇರಲಿಲ್ಲವಾ," ಎಂದಳು ರುಕ್ಮಾಬಾಯಿ.

ರೈಲಿನ ಹೊತ್ತಾಗಿತ್ತು. ಸಾಮಾನು ಬಿಚ್ಚಲು ಹೇಳಿದೆ. ರುಕ್ಮಾಬಾಯಿ ತಾನೇ ಹಲಗೆಯನ್ನು ಸೆರಗಿನಿಂದ ಒರೆಸಿ, ಒಗೆದ ಬಟ್ಟೆಯಲ್ಲಿ ಸುತ್ತಿ, "ನಿಮ್ಮ ಸಾಲೀದು ಐತಿ, ಹುಷಾರಿ ಒಯ್ಯವಾ," ಎಂದು ಸುಮಂಗಲಾಳ ಕೈಗೆ ಕೊಟ್ಟಳು. ಇನ್ನೆರಡು ದಿನ ಇಟ್ಟು ಹೋಗಿ ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಸುಮಂಗಲಾ ಆ ಗಂಟನ್ನು ಅಲ್ಲೇ ಬಿಚ್ಚಿದಳು. "ಮೆಹಬೂಬ, ಹಂಚಿನ ಮ್ಯಾಲ ಹತ್ತು. ಅಲ್ಲಿ ಯಾರೂ ಕಾಲ ತೊಳಿಯಾಂಗಿಲ್ಲ," ಎಂದಳು.

"ಸೋಮವಾರ ಪ್ರದರ್ಶನ ಐತಿ," ಎಂದು ನೆನಪಿಸಿದೆ.

"ಹೌದ್ರಿ ಸರ. ಆವಿಗಿ ಮುಂದಿನ ವಾರ ಐತಿ."

ಮೆಹಬೂಬ ಆಗಲೇ ಅರ್ಧ ಹತ್ತಿದ್ದ. ಬ್ಯಾಟರಿ ಇಳಿದರೆ ಗೋವಾಕ್ಕೆ ಹೋಗುವ ಲಾರಿಯವರ ಕೈಯಲ್ಲಿ ಬೇರೆ ಕಳಿಸುತ್ತೇನೆ, ಅಬ್ಬಾಗೆ ನಾನು ಹೇಳುತ್ತೇನೆ ಎಂದು ಮೇಲಿಂದಲೇ ಕೂಗಿದ. ನಾನು ಸ್ಟೇಷನ್ನಿನವರೆಗೂ ಗೊಣಗಿದೆ. ಖಾಲಿ ಮೇಜಿನ ಹಿಂದೆ ನಿಂತು ಪರೀಕ್ಷಕರಿಗೆ ಏನು ತೋರಿಸಲಿ ಎಂದು ಪ್ಲಾಟ್‌ಫಾರ್ಮಿನಲ್ಲಿ ಮತ್ತೆ ಕೇಳಿದೆ.

"ಪ್ರದರ್ಶನದ ಹಾಲ್‌ನ್ಯಾಗ ಮಳಿ ಬರಾಂಗಿಲ್ರಿ ಸರ," ಎಂದಳು ಸುಮಂಗಲಾ.

ಅಷ್ಟರಲ್ಲಿ ಗಾಡಿ ಬಂತು. ಹತ್ತಿ ಕುಳಿತು, ಅದು ಇನ್ನೇನು ಹೊರಡಬೇಕು, ಕಿಟಕಿಯ ಕಂಬಿಯ ಮೇಲೆ ಹನಿ ಬಿದ್ದವು. ಕುಂಬಾರರ ಓಣಿಯ ಕಡೆಯಿಂದ ಹಾರ್ನು ಕೇಳಿತು, ಉದ್ದಕ್ಕೆ. ಯಾವುದೋ ಲಾರಿ ಎಂದು ಡಬ್ಬಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಸುಮಂಗಲಾ, ಮೆಹಬೂಬ ಇಬ್ಬರೂ ಬಾಗಿಲಿಗೆ ಓಡಿದರು. ನಾನೂ ಎದ್ದು ನಿಂತಿದ್ದೆ. ಗಡಿಗೆಯ ಬುಡಕ್ಕೆ ಕೈ ಹಾಕಲು ಹೊರಟವನಂತೆ ನನ್ನ ಎರಡೂ ಅಂಗೈ ಮೇಲೆ ತಿರುಗಿದ್ದವು.