ಬಣ್ಣ ಬಳಿದ ಕೀಲು

ತಾವರಗೇರಾದ ನಮ್ಮ ಮನೆಯ ಮುಂದೆ ಯಂತ್ರ ತಂದು ಚರಂಡಿ ತೋಡುತ್ತಿದ್ದಾರೆ. ಹೋದ ವಾರ ಬೆಳಿಗ್ಗೆ ಶಾಲೆಗೆ ಹೊರಟು ಬಾಗಿಲು ತೆಗೆದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಕಬ್ಬಿಣಕ್ಕೆ ಕಬ್ಬಿಣ ಒಣಗಾಗಿ ತಿಕ್ಕಿ ಕಾದಾಗ ಬರುವ ವಾಸನೆ, ಅದರೊಳಗೆ ಸುಟ್ಟ ಗ್ರೀಸಿನ ಕಮಟು. ಕೈಚೀಲವನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ಕುಳಿತುಬಿಟ್ಟೆ. ಹೆಂಡತಿ ನೀರು ತಂದು ಏನಾಯಿತೆಂದು ಕೇಳಿದಳು. ಬಿಸಿಲು ಎಂದೆ. ಎಂಟು ಗಂಟೆಯೂ ಆಗಿರಲಿಲ್ಲ...

ಕೊಪ್ಪಳ ಜಿಲ್ಲೆಯಾಗಿ ಆರೇಳು ವರ್ಷ ಕಳೆದಿದ್ದ ಕಾಲವದು. ಬಿ.ಎಸ್ಸಿ. ಮುಗಿಸಿದ್ದ ನಾನು ಸರ್ಕಾರಿ ನೌಕರಿಗೆ ಅರ್ಜಿ ಹಾಕುತ್ತ, ಅಲ್ಲಿಯವರೆಗೆಂದು ಒಬ್ಬ ಗುತ್ತಿಗೆದಾರರ ಕೈಕೆಳಗೆ ಸೂಪರ್‌ವೈಸರ್ ಆಗಿದ್ದೆ. ತಳಕಲ್ ಕಡೆ ಕುಡಿಯುವ ನೀರಿನ ಪೈಪಿಗಾಗಿ ಕಾಲುವೆ ತೋಡುವ ಕೆಲಸ. ಟ್ರ್ಯಾಕ್ಟರಿನ ಬೆನ್ನಿಗೆ ಜೋಡಿಸಿದ ಬ್ಯಾಕ್‌ಹೋ ಒಂದಿತ್ತು. ಮನುಷ್ಯನ ತೋಳಿನಂತೆಯೇ ಅದಕ್ಕೂ ಭುಜ, ಮೊಣಕೈ, ಮಣಿಕಟ್ಟು. ತುದಿಯಲ್ಲಿ ಮಣ್ಣು ಬಗೆಯುವ ಬಕೆಟ್ಟು. ಒಂದೊಂದು ಕೀಲಿನಲ್ಲೂ ಬಳೆಯಂಥ ಬುಷ್ಷು, ಅದರೊಳಗೆ ಮಣಿಕಟ್ಟಿನಷ್ಟು ದಪ್ಪದ ಉಕ್ಕಿನ ಪಿನ್ನು. ಗ್ರೀಸ್ ತುಂಬಲು ಜೋಳದ ಕಾಳಿನಷ್ಟು ಚಿಕ್ಕ ಬಾಯಿಯ ನಿಪ್ಪಲ್ಲು. ಇಷ್ಟೆಲ್ಲ ನನಗೆ ತಿಳಿಸಿಕೊಟ್ಟವರು ಗಿಣಿಗೇರಾದ ಮಿಸ್ತ್ರಿ.

ಕಾರ್ಖಾನೆಗಳ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು, ಒಳಗೆ ಕಬ್ಬಿಣ ಕಡೆಯುವ ಹಳೆಯ ಲೇತು. ಅವರ ಅಪ್ಪ ಚಕ್ಕಡಿಗೆ ಅಚ್ಚು ಕೂಡಿಸುತ್ತಿದ್ದವರು. ಹಾಗಾಗಿ ಮಿಸ್ತ್ರಿ ಗ್ರೀಸಿಗೆ ಗ್ರೀಸ್ ಎನ್ನುತ್ತಿರಲಿಲ್ಲ, ಕೀಲೆಣ್ಣಿ ಎನ್ನುತ್ತಿದ್ದರು. ಕೀಲು ಸವೆದಿದೆಯೋ ಇಲ್ಲವೋ ಎಂದು ನೋಡಲು ಅವರಿಗೆ ಅಳತೆಯ ಸಾಮಾನು ಬೇಕಿರಲಿಲ್ಲ. ಪಿನ್ನಿಗೂ ಬುಷ್ಷಿಗೂ ನಡುವಿನ ಸಂದಿಗೆ ಉಗುರು ಹಚ್ಚಿ, ಆಪರೇಟರನಿಗೆ ಬಕೆಟ್ಟು ಅಲ್ಲಾಡಿಸಲು ಹೇಳಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಇನ್ನಾ ಎರಡ ತಿಂಗಳು ದುಡೀತೈತಿ" ಎಂದರೆ ಎರಡು ತಿಂಗಳು ದುಡಿಯುತ್ತಿತ್ತು. ಅವರು ತಪ್ಪಿದ್ದನ್ನು ನಾನು ಕಾಣಲಿಲ್ಲ. ಅವರ ಕೈಯ ಬಗ್ಗೆ ಅವರಿಗೂ ಅಷ್ಟೇ ನಂಬಿಕೆಯಿತ್ತು. ಅದು ಹಮ್ಮಲ್ಲ...

ಆ ವರ್ಷ ಮಹಾನವಮಿಗೆ ಯಂತ್ರದ ಪೂಜೆ ಜೋರಾಗಿ ಆಗಲಿ ಎಂದು ನಾನೇ ಕೊಪ್ಪಳದಿಂದ ಹಳದಿ ಎಣ್ಣೆಬಣ್ಣದ ಡಬ್ಬಿ ತಂದಿದ್ದೆ. ತೊಳೆದು, ಮೈತುಂಬ ಬಣ್ಣ ಬಳಿಸಿ, ಕುಂಬಳಕಾಯಿ ಒಡೆಸಿದೆವು. ಬಳಿಯುವವರು ನಿಪ್ಪಲ್ಲುಗಳನ್ನೂ ಬಿಡಲಿಲ್ಲ; ಬಿಡಬೇಕೆಂದು ನಾನೂ ಹೇಳಲಿಲ್ಲ. ಅವುಗಳ ಸಣ್ಣ ಬಾಯಿ ಬಣ್ಣದಿಂದ ಮುಚ್ಚಿಹೋಯಿತು. ಆಮೇಲೆ ಆಪರೇಟರ್ ದಿನವೂ ಗ್ರೀಸ್ ಗನ್ನು ಒತ್ತುತ್ತಿದ್ದ. ಗ್ರೀಸು ಒಳಗಿಳಿಯದೆ ಹೊರಗೇ ಮೆತ್ತಿಕೊಳ್ಳುತ್ತಿತ್ತು. ಕೀಲುಗಳು ಜಿಡ್ಡಿನಿಂದ ಹೊಳೆಯುವುದನ್ನು ನೋಡಿ ನಾನು ರಿಜಿಸ್ಟರಿನಲ್ಲಿ ಗ್ರೀಸಿಂಗ್ ಆಗಿದೆ ಎಂದು ಬರೆದು ಸಹಿ ಹಾಕುತ್ತಿದ್ದೆ. ಮೂರು ವಾರ ಹೀಗೆಯೇ ನಡೆಯಿತು.

ಕೊನೆಗೊಂದು ಬೆಳಿಗ್ಗೆ ಮೊಣಕೈಯ ಕೀಲು ಕಿರುಚತೊಡಗಿತು. ಅದೇ ವಾಸನೆ. ಬಕೆಟ್ಟು ಆಳೆತ್ತರದ ಕಾಲುವೆಯೊಳಗಿದ್ದಾಗಲೇ ಪಿನ್ನು ಜಾರದಂತೆ ಹಿಡಿದಿದ್ದ ಲಾಕ್ ಬೋಲ್ಟು ಮುರಿದು, ಅದು ಒಂದು ಬದಿಗೆ ಜಾರಿ ನಾಲ್ಕು ಬೆರಳು ಹೊರಗೆ ಬಂದಿತು. ಆಪರೇಟರ್ ಇಂಜಿನ್ ಆಫ್ ಮಾಡಿ ಕೆಳಗಿಳಿದ. ನಾನು ಮಿಸ್ತ್ರಿಗೆ ಹೇಳಿಕಳಿಸಿದೆ.

ಅವರು ಬಂದವರೇ ಯಂತ್ರವನ್ನು ಒಂದು ಸುತ್ತು ಹಾಕಿ ನಕ್ಕರು. "ಏನ್ರಿ ಸಾಹೇಬ್ರ, ಅರಿಷಿಣ ಹಚ್ಚಿ ಮದುಮಗನ್ನ ಮಾಡೀರಲ್ಲ. ಬಾಯಿಗೂ ಮೆತ್ತಿಬಿಟ್ರ ಉಣ್ಣೋದು ಹೆಂಗ?"

ಉಗುರಿನಿಂದ ನಿಪ್ಪಲ್ಲಿನ ಬಣ್ಣ ಕೆರೆದು ತೋರಿಸಿದರು. ನಾನು ತಲೆ ತಗ್ಗಿಸಿದೆ. ಆಮೇಲೆ ಅವರು ಕಾಲುವೆಯೊಳಗೆ ಬಗ್ಗಿ ನೋಡಿದರು, ನಗು ನಿಂತಿತು. ತೂಕ ಹೊತ್ತ ಪಿನ್ನನ್ನು ಮುಟ್ಟಬಾರದು ಎಂಬುದು ಅವರ ಮೊದಲ ಪಾಠ. ಬಕೆಟ್ಟನ್ನು ಸಮನೆಲದ ಮೇಲೆ ಮಲಗಿಸಿಯೇ ಕೀಲು ಬಿಚ್ಚಬೇಕು. ಇಲ್ಲಿ ತೋಳು ಕಾಲುವೆಯೊಳಗೆ ಜೋತಾಡುತ್ತಿತ್ತು. ಮೇಲೆತ್ತಲು ಹೋದರೆ ಪಿನ್ನು ಪೂರ್ತಿ ಕಳಚುತ್ತಿತ್ತು.

"ಕೆಳಗ ಮಣ್ಣು ತುಂಬ್ರಿ" ಎಂದರು. "ತೋಳು ಮಣ್ಣಿನ ಮ್ಯಾಲ ಮಲಗ್ಲಿ. ಆಮ್ಯಾಲ ಪಿನ್ನು."

ಮೂರು ದಿನ ತೋಡಿದ ಕಾಲುವೆ. ಮಧ್ಯಾಹ್ನ ಇಂಜಿನಿಯರ್ ಅಳತೆಗೆ ಬರುವವರಿದ್ದರು. ಮತ್ತೆ ಮಣ್ಣು ತುಂಬಿದ್ದನ್ನು ನೋಡಿದರೆ ನನ್ನ ಗತಿಯೇನು? ಬೇರೆ ದಾರಿ ಹುಡುಕಿ ಎಂದು ಬೇಡಿಕೊಂಡೆ. ಬೇಡಿಕೊಂಡೆ ಎಂದು ಈಗ ಬರೆಯುತ್ತಿದ್ದೇನೆ. ನಿಜವಾಗಿ ಅದು ಒತ್ತಾಯವಾಗಿತ್ತು. ಅವರು ನನ್ನ ಮುಖ ನೋಡಿದರು, ಕಾಲುವೆ ನೋಡಿದರು. ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಇಟ್ಟು ತೋಳಿಗೆ ಆನಿಕೆ ಕೊಡುತ್ತೇನೆ ಎಂದು ಒಪ್ಪಿಕೊಂಡು ತಾವೇ ಒಳಗಿಳಿದರು. ಇಳಿಯುವ ಮುನ್ನ ಹೇಳಿದರು: "ನಾ ಹೂಂ ಅನ್ನೋತನಕ ಪಿನ್ನಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

ಎರಡು ದಿಮ್ಮಿ ಇಟ್ಟಿದ್ದರು. ಮೂರನೆಯದರ ಕೆಳಗೆ ಬೆಣೆ ಬಡಿಯುತ್ತಿದ್ದರು. ದೂರದಲ್ಲಿ, ರಸ್ತೆಯ ತಿರುವಿನಲ್ಲಿ, ಒಂದು ಜೀಪಿನ ಧೂಳು ಕಂಡಿತು. ನಾನು ಆಪರೇಟರನ ಕಡೆ ತಿರುಗಿ, ಒಂದೇಟು ಹಾಕಿ ಪಿನ್ನು ಸಡಿಲ ಮಾಡಿಟ್ಟುಕೋ ಎಂದೆ. ಅವನು ಕಾಲುವೆಯ ಕಡೆ ನೋಡಿದ. ಹಾಕೋ ಎಂದೆ. ಕೆಳಗೆ ಮಿಸ್ತ್ರಿಯ ಸುತ್ತಿಗೆಯ ಸದ್ದು, ಮೇಲೆ ಆಪರೇಟರನ ಸುತ್ತಿಗೆಯ ಸದ್ದು, ಎರಡೂ ಒಂದರೊಳಗೊಂದು ಬೆರೆತವು.

ಪಿನ್ನು ಹಾರಿಹೋಯಿತು. ತೋಳು ಕುಸಿದು, ದಿಮ್ಮಿಗಳನ್ನು ಹೊರಳಿಸಿ, ಮಿಸ್ತ್ರಿಯ ತೊಡೆಯನ್ನು ಕಾಲುವೆಯ ಗೋಡೆಗೆ ಒತ್ತಿ ನಿಂತಿತು.

ನಾನು ಕಾಲುವೆಗೆ ಹಾರಿದೆ. ಮೇಲಿನ ಕಪ್ಪು ಎರಿ ಮಣ್ಣು ಹೆಂಟೆ ಹೆಂಟೆಯಾಗಿ ಅವರ ಎದೆಯ ಮೇಲೆ ಬೀಳುತ್ತಿತ್ತು. ನಾನು ಎರಡೂ ಕೈಗಳಿಂದ ಬಾಚಿ ಬಾಚಿ ತೆಗೆಯುತ್ತಿದ್ದೆ, ತೆಗೆದಷ್ಟೂ ಬೀಳುತ್ತಿತ್ತು. ಆಪರೇಟರ್ ಟ್ರ್ಯಾಕ್ಟರ್ ಹತ್ತಲು ಓಡಿದ. "ಲಿವರ್ ಮುಟ್ಟಬ್ಯಾಡ" ಎಂದರು ಮಿಸ್ತ್ರಿ, ನೆಲದೊಳಗಿಂದ ಬಂದಂಥ ದನಿಯಲ್ಲಿ. ಕೀಲು ಕಳಚಿದ ತೋಳು ಯಾವ ಕಡೆ ಹೊರಳುತ್ತದೋ ಯಾರಿಗೂ ತಿಳಿಯದು. ಬೋರ್‌ವೆಲ್ ಪೈಪ್ ಎತ್ತುವವರ ಮೂರು ಕಾಲಿನ ಕಂಬ ಮತ್ತು ಸರಪಳಿ ಪಕ್ಕದ ಹೊಲದಲ್ಲಿರುವುದನ್ನು ಬರುವಾಗಲೇ ಅವರು ನೋಡಿದ್ದರು. ಅದನ್ನು ತರಿಸಿ, ಎಲ್ಲಿ ಕಟ್ಟಬೇಕು, ಎಷ್ಟು ಎಳೆಯಬೇಕು ಎಂಬುದನ್ನೂ ತಾವೇ ಹೇಳಿದರು. ತಮ್ಮ ಕಾಲಿನ ಮೇಲಿನ ಭಾರವನ್ನು, ಬೇರೆಯವರ ಯಂತ್ರವನ್ನು ರಿಪೇರಿ ಮಾಡುವ ಹಾಗೆಯೇ...

ಸರಪಳಿ ಬರುವ ತನಕ ನಾನೂ ಅವರೂ ಇಬ್ಬರೇ ಒಳಗಿದ್ದೆವು. ಅವರ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಜೀವ ಉಳಿಯುವುದಿಲ್ಲ ಎಂದೇ ನಾನು ತಿಳಿದಿದ್ದೆ. ಆಗ ಅವರು ಕೇಳಿದರು.

"ಸಾಹೇಬ್ರ, ದಿಮ್ಮಿ ನಾ ನೆಟ್ಟಗ ಇಟ್ಟಿದ್ದೆ ಅಲ್ರಿ?"

ನಾನು ಮಾತಾಡಬೇಡಿ, ದಣಿವಾಗುತ್ತದೆ ಎಂದೆ.

ಇಂಜಿನಿಯರರ ಜೀಪಿನಲ್ಲಿಯೇ ಕೊಪ್ಪಳಕ್ಕೆ ಒಯ್ದೆವು, ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ದಿಮ್ಮಿ ಹೊರಳಿ ಪಿನ್ನು ಜಾರಿತು ಎಂದು ಎಲ್ಲರೂ ಹೇಳಿಕೊಂಡರು. ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ನಾನು ಅಲ್ಲವೆನ್ನಲಿಲ್ಲ. ಆಪರೇಟರನ ಕಣ್ಣೂ ನನ್ನ ಕಣ್ಣೂ ಒಮ್ಮೆ ಕೂಡಿದವು. ವಾರದೊಳಗೆ ಅವನು ಕೆಲಸ ಬಿಟ್ಟು ಗೋವಾ ಕಡೆ ಹೋದ. ನಾನೂ ಬಿಟ್ಟೆ. ಬಿ.ಎಡ್. ಮಾಡಿ ಮಾಸ್ತರನಾದೆ. ಕೊಪ್ಪಳದಿಂದ ಗಿಣಿಗೇರಾ ಮೇಲೆ ಬಸ್ಸು ಹೋಗುವಾಗ ಶೆಡ್ಡು ಕಾಣದ ಬದಿಯ ಸೀಟನ್ನೇ ಹಿಡಿಯುತ್ತಿದ್ದೆ. ಇಷ್ಟು ವರ್ಷ...

ಹೋದ ವಾರದ ಆ ವಾಸನೆಯ ನಂತರ ಎರಡು ದಿನ ಅನ್ನ ಸೇರಲಿಲ್ಲ. ಭಾನುವಾರ ಬಸ್ಸು ಹತ್ತಿ ಗಿಣಿಗೇರಾದಲ್ಲಿ ಇಳಿದೆ. ಹೇಳಿಬಿಡಬೇಕು, ಅವರು ಏನಂದರೂ ಅನ್ನಿಸಿಕೊಳ್ಳಬೇಕು ಎಂದು ಮನಸ್ಸು ಗಟ್ಟಿ ಮಾಡಿದ್ದೆ. ಶೆಡ್ಡಿನ ಜಾಗದಲ್ಲಿ ಟೈರಿನ ಅಂಗಡಿಯಿತ್ತು. ಅಂಗಡಿಯವನು ಮನೆಯ ದಾರಿ ತೋರಿಸಿ, "ಮಿಸ್ತ್ರಿ ತೀರಿಹೋಗಿ ಎರಡ ವರ್ಷ ಆತಲ್ರಿ" ಎಂದ.

ತಿರುಗಿ ಬರಬಹುದಿತ್ತು. ಹೋದೆ. ಅವರ ಹೆಂಡತಿ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ತಳಕಲ್ ಕೆಲಸದಲ್ಲಿದ್ದವನು ಎಂದೆ. ಗುರುತು ಹಿಡಿದು, ಕುಳಿತುಕೊಳ್ಳಲು ಹೇಳಿ, ತಾವಾಗಿಯೇ ಮಾತು ತೆಗೆದರು.

"ಕಾಲು ಹೋದದ್ದಕ್ಕ ಅವ್ರು ಅಷ್ಟು ಮರುಗ್ಲಿಲ್ರಿ. ದಿಮ್ಮಿ ಯಾಕ ಹೊಳ್ಳಿತು ಅನ್ನೋದ ತಲಿಯಾಗ ಕುಂತಿತ್ತು. ಕಡ್ಡಿಪೆಟ್ಟಿಗಿ ಒಂದರ ಮ್ಯಾಲ ಒಂದ ಇಟ್ಟು ನೋಡಾವ್ರು, ಕೆಡವಾವ್ರು, ಮತ್ತ ಇಡಾವ್ರು. ಕುಂತು ಮಾಡೋ ಕೆಲಸ ಲೇತಿನ್ಯಾಗ ಭಾಳ ಇತ್ತು. ಯಾರರ ಬಂದ್ರ, ನನ್ನ ಕೈ ಈಗ ನನಗ ನಂಬಿಕಿಲ್ಲ, ಬ್ಯಾರೆಯವ್ರ ಕಡೆ ಹೋಗ್ರಿ ಅಂತ ಹೊಳ್ಳಿ ಕಳಸಾವ್ರು. ಕಡೀಕ ಲೇತನೂ ಮಾರಿದ್ರು."

ನಾನು ಹೇಳಿದೆ. ಬಣ್ಣದಿಂದ ಹಿಡಿದು ಜೀಪಿನ ಧೂಳಿನವರೆಗೆ, ಆ ಒಂದೇಟಿನವರೆಗೆ, ಕಾಲುವೆಯೊಳಗೆ ಅವರು ಕೇಳಿದ ಪ್ರಶ್ನೆಯವರೆಗೆ ಎಲ್ಲವನ್ನೂ ಹೇಳಿದೆ. ದಿಮ್ಮಿಗಳು ನೆಟ್ಟಗಿದ್ದವು, ಅವರ ಕೈ ತಪ್ಪಿರಲಿಲ್ಲ ಎಂದೆ.

ಮೊರದ ಮೇಲಿನ ಬೆರಳುಗಳು ನಿಂತವು.

"ಇದನ್ನ ನನ್ನ ಮುಂದ ಯಾಕ ಹೇಳ್ತೀರಿ?" ಎಂದರು, ಸಿಟ್ಟಿಲ್ಲದ ದನಿಯಲ್ಲಿ. "ಇದು ಅವ್ರಿಗೆ ಬೇಕಾಗಿತ್ತು."

ನಾನು ಎದ್ದು ನಿಂತೆ. ಅವರು ಮೊರವನ್ನು ಬೆಳಕಿನ ಕಡೆಗೆ ಸರಿಸಿಕೊಂಡು ಮತ್ತೆ ಕಲ್ಲು ಹುಡುಕತೊಡಗಿದರು.